ಆ ದಿನದ ಹವೆ

ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕೊಡಿಯಾಲ್‌ಬೈಲಿನಲ್ಲಿ ಯಾರೂ ನೀತಿಶಾಸ್ತ್ರ ಮಾತಾಡುವುದಿಲ್ಲ. ಫ್ಯಾನಿನ ಕೆಳಗೆ ಅಂಗಿ ಬಿಚ್ಚಿ ಕೂತು, ಮಳೆ ಯಾವಾಗ ಎಂದು ಕೇಳಿಕೊಳ್ಳುತ್ತೇವೆ, ಅಷ್ಟೆ. ಈ ಲೇಖನಕ್ಕೆ ಕಾರಣವಾದ ಮಾತು ಶುರುವಾದದ್ದು ಮಾತ್ರ ಅಂಥ ಹೊತ್ತಿನಲ್ಲೇ. ಸೋದರಮಾವನ ಮಗ ಡೆನ್ವರಿನಿಂದ ಬಂದಿದ್ದ. ನನಗಿಂತ ಎರಡು ತಿಂಗಳಿಗೆ ದೊಡ್ಡವ. ಹಾಗಾಗಿ ಭಾವ ಎಂದು ಕರೆದರೂ ಏಕವಚನವೇ. ಬೆವರು ಒರೆಸಿಕೊಳ್ಳುತ್ತ ಅವನು ಹೇಳಿದ: "ಈ ಸೆಕೆಯಲ್ಲಿ ನನ್ನ ತೋಟಾ ಹಾರಿಸಿದರೆ ಬೋಲ್ಟು ಬಿಚ್ಚಲಿಕ್ಕೇ ಬರಲಿಕ್ಕಿಲ್ಲ ಮಾರಾಯ."

ಭಾವ ಅಲ್ಲಿ ರೈಫಲ್ ಇಟ್ಟುಕೊಂಡಿದ್ದಾನೆ, ಬೇಟೆಗೆ ಹೋಗುತ್ತಾನೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಎತ್ತದ ವಿಷಯ. ತೋಟಾಗಳನ್ನು ಅವನು ಅಂಗಡಿಯಿಂದ ತರುವುದಿಲ್ಲ, ತಾನೇ ತುಂಬುತ್ತಾನೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಹಿತ್ತಾಳೆಯ ಖಾಲಿ ಕೋಶಕ್ಕೆ ಹೊಸ ಕೇಪು, ಚಿನ್ನ ತೂಗುವಂಥ ತಕ್ಕಡಿಯಲ್ಲಿ ತೂಗಿದ ಮದ್ದು, ಮೇಲೆ ಗುಂಡು. ಅಮೆರಿಕದಲ್ಲಿ ಅದೊಂದು ಹವ್ಯಾಸ, ನಮ್ಮಲ್ಲಿ ಕೆಲವರು ಗಡಿಯಾರ ರಿಪೇರಿ ಮಾಡಿಕೊಂಡು ಕೂರುವ ಹಾಗೆ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದೇ ಅಪರಾಧ. ಹಾಗಾಗಿ ಅವನ ಮಾತು ನನಗೆ ಹೊಸದು. ಆದರೆ ಅದರ ಒಳಗಿದ್ದ ಭೌತಶಾಸ್ತ್ರ ಹೊಸದಲ್ಲ. ಇಲ್ಲೇ ಒಂದು ಕಾಲೇಜಿನಲ್ಲಿ ಓದಿ, ಅಲ್ಲೇ ಇಪ್ಪತ್ತು ಚಿಲ್ಲರೆ ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು.

ವಿಷಯ ಇಷ್ಟು. ರೈಫಲಿನ ಮದ್ದು ಪಟಾಕಿಯ ಹಾಗೆ ಒಮ್ಮೆಲೇ ಸಿಡಿಯುವುದಿಲ್ಲ, ಉರಿಯುತ್ತದೆ. ಒಂದೊಂದು ಕಾಳೂ ಮೇಲ್ಮೈಯಿಂದ ಪದರ ಪದರವಾಗಿ ಉರಿದು ಅನಿಲವಾಗುತ್ತದೆ. ಪದರ ಹೊತ್ತಿಕೊಳ್ಳಬೇಕಾದರೆ ಅದು ಒಂದು ಮಟ್ಟಕ್ಕೆ ಕಾಯಬೇಕು. ಮೊದಲೇ ಬೆಚ್ಚಗಿದ್ದ ಕಾಳಿಗೆ ಆ ಮಟ್ಟ ಹತ್ತಿರ, ಚಳಿಯಲ್ಲಿ ಕೊರಗಿದ ಕಾಳಿಗೆ ದೂರ. ಬೇಗ ಉರಿದರೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಾದರೆ ಉರಿ ಇನ್ನೂ ಬೇಗ. ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಮೊದಲು ಇದೆಲ್ಲ ಮುಗಿದು ಗುಂಡು ನಳಿಗೆ ಬಿಟ್ಟಿರುತ್ತದೆ. ಹಳೆಯ ಬಗೆಯ ಮದ್ದುಗಳಲ್ಲಿ ತಾಪ ಒಂದು ಡಿಗ್ರಿ ಏರಿದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಏರುತ್ತದೆ. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಕೆಲವು ಹೊಸ ಮದ್ದುಗಳು ಈ ವ್ಯತ್ಯಾಸವನ್ನು ಬಹಳ ತಗ್ಗಿಸಿವೆ. ಭಾವನ ಹತ್ತಿರ ಇದ್ದದ್ದು ಹಳೆಯದು. ಡಬ್ಬಿಯಲ್ಲಿ ಅರ್ಧ ಉಳಿದಿತ್ತು, ಬಿಸಾಡಲು ಮನಸ್ಸಾಗಲಿಲ್ಲ ಎಂದ. ಅಮೆರಿಕದಲ್ಲಿ ಎಷ್ಟು ವರ್ಷ ಇದ್ದರೂ ನಮ್ಮ ಬುದ್ಧಿ ಹೋಗುವುದಿಲ್ಲ.

ಒಂದು ಡಿಗ್ರಿಗೆ ಸುಮಾರು 0.6 ಮೀಟರ್ ಎಂದು ಅವನು ತನ್ನ ಮದ್ದಿನ ಲೆಕ್ಕ ಹೇಳಿದಾಗ ನನಗೆ ಒಳಗೊಳಗೇ ನಗು ಬಂತು. ಅದೇ ಅಂಕಿ ನನ್ನನ್ನು ಬಹಳ ವರ್ಷ ಕಾಡಿದೆ. ಗಾಳಿಯಲ್ಲಿ ಶಬ್ದದ ವೇಗವೂ ಡಿಗ್ರಿಗೆ ಹೆಚ್ಚುಕಡಿಮೆ 0.6 ಮೀಟರ್ ಏರುತ್ತದೆ: ಸೊನ್ನೆಯಲ್ಲಿ ಸೆಕೆಂಡಿಗೆ 331 ಮೀಟರ್, ನಮ್ಮೂರಿನ 30 ಡಿಗ್ರಿಯಲ್ಲಿ ಸುಮಾರು 349. ಎರಡೂ ಒಂದೇ ಅಂಕಿ ಆದದ್ದು ಬರೇ ಕಾಕತಾಳೀಯ. ಪಿಯುಸಿ ಪ್ರಯೋಗಾಲಯದಲ್ಲಿ ನೀರು ತುಂಬಿದ ನಳಿಗೆಯ ಬಾಯಿಗೆ ಶ್ರುತಿಕವೆ ಹಿಡಿದು ಈ ವೇಗ ಕಂಡುಹಿಡಿಯಬೇಕು. ವರದಿಯ ಮೊದಲ ಸಾಲು 'ಕೋಣೆಯ ತಾಪ'. ಗೋಡೆಯಲ್ಲಿ ಥರ್ಮಾಮೀಟರ್ ಇರುತ್ತಿತ್ತು. ವಿದ್ಯಾರ್ಥಿಯಾಗಿದ್ದಾಗ ನಾನು ಅದನ್ನು ನೋಡಿದ ನೆನಪಿಲ್ಲ. ಹಿಂದಿನ ವರ್ಷದವರ ಪುಸ್ತಕದಲ್ಲಿ 30 ಎಂದಿತ್ತು, 30 ಎಂದು ಬರೆದೆ. ಮೇಷ್ಟ್ರಾದ ಮೇಲೆ ನೂರಾರು ಪುಸ್ತಕಗಳಲ್ಲಿ ಅದೇ 30ರ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದೆ. ಡಿಸೆಂಬರಿನಲ್ಲೂ 30, ಜುಲೈಯ ಜಡಿಮಳೆಯಲ್ಲೂ 30. ಉತ್ತರ ಹೆಚ್ಚು ತಪ್ಪುತ್ತಲೂ ಇರಲಿಲ್ಲ. ಈ ಕರಾವಳಿಯಲ್ಲಿ ಹವೆ ಬದಲಾದರೆ ಎಷ್ಟು ಬದಲಾದೀತು? ನಾವು ಬದುಕುವುದೇ ಒಂದು ಹಿಡಿ ಡಿಗ್ರಿಗಳ ನಡುವೆ. ತಾಪವೂ ಒಂದು ಸಂಗತಿ ಎಂದು ನಮಗೆ ಅನಿಸುವುದೇ ಇಲ್ಲ.

ಭಾವನ ಊರಿನಲ್ಲಿ ಹಾಗಲ್ಲ. ಅವನ ಚೀಲದಲ್ಲಿ ಒಂದು ನೋಟುಪುಸ್ತಕ ಇತ್ತು. ಪ್ರತಿ ಸಾಲಿನಲ್ಲಿ ಮದ್ದಿನ ತೂಕ, ಗುಂಡಿನ ತೂಕ, ಕ್ರೋನೋಗ್ರಾಫ್ ತೋರಿಸಿದ ವೇಗ, ಕೊನೆಗೆ ಒಂದು ಕಾಲಮ್: ಆ ದಿನದ ಹವೆ. ಮೊದಲ ಎಂಟು ಹತ್ತು ಪುಟಗಳಲ್ಲಿ ಆ ಕೊನೆಯ ಕಾಲಮ್ಮೇ ಇರಲಿಲ್ಲ. ಎಲ್ಲಿಂದ ಶುರುವಾಯಿತು ಎಂದು ಕೇಳಿದೆ. ಎರಡು ವರ್ಷ ಹಿಂದಿನ ನವೆಂಬರಿನ ಕಥೆ ಹೇಳಿದ.

ಜುಲೈಯಲ್ಲಿ, 33 ಡಿಗ್ರಿ ಬಿಸಿಲಲ್ಲಿ, ಅವನು ತೋಟಾ ಹದಗೊಳಿಸಿದ್ದ. ಸೆಕೆಂಡಿಗೆ 850 ಮೀಟರ್. ಅದಕ್ಕೆ ಸರಿಯಾಗಿ ದುರ್ಬೀನಿನ ಗುರಿ ಕೂಡಿಸಿದ್ದ. ನವೆಂಬರಿನಲ್ಲಿ ಅದೇ ತೋಟಾ ಹಿಡಿದು ಬಯಲಿಗೆ ಹೋದ. ಬೆಳಗ್ಗಿನ ತಾಪ ಮೈನಸ್ 10. ಮುನ್ನೂರು ಮೀಟರ್ ಆಚೆ ಒಂದು ಜಿಂಕೆ. ಹಾರಿಸಿದ. ಗುಂಡು ಎದೆಗೆ ಬೀಳಬೇಕಾದದ್ದು ಕೆಳಗೆ, ಹಿಂದೆ ಬಿತ್ತು. ಜಿಂಕೆ ಬೀಳಲಿಲ್ಲ, ಓಡಿತು. ಹಿಮದ ಮೇಲೆ ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೆ ಹೋದ. ಮರುದಿನವೂ ಹೋದ. ಸಿಗಲಿಲ್ಲ. "ಚಳಿಗೆ ಮದ್ದು ಮಂದ ಆಯ್ತು. ವೇಗ ಇಳೀತು, ಗುಂಡು ಕೆಳಗೆ ಹೋಯ್ತು. ಆವತ್ತಿನಿಂದ ಹವೆ ಬರೀತೇನೆ."

ಕೇಳಿ ಬೇಸರವಾಯಿತು. ಆದರೆ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ. ಮೇಜಿನ ಮೇಲಿದ್ದ ಮದುವೆ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. 33ರಿಂದ ಮೈನಸ್ 10ಕ್ಕೆ 43 ಡಿಗ್ರಿ. ಡಿಗ್ರಿಗೆ 0.6 ಅಂದರೆ ಸುಮಾರು 26 ಮೀಟರ್. 850ರಲ್ಲಿ ಶೇಕಡಾ ಮೂರು. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಅಂಥ ಗುಂಡು ನಳಿಗೆಯ ನೇರದಿಂದ ಎಪ್ಪತ್ತು ಎಪ್ಪತ್ತೈದು ಸೆಂಟಿಮೀಟರ್ ಕುಸಿಯುತ್ತದೆ. ವೇಗ ಶೇಕಡಾ ಮೂರು ಇಳಿದರೆ ಕುಸಿತ ಶೇಕಡಾ ಆರರಷ್ಟು ಹೆಚ್ಚಾಗುತ್ತದೆ. ಚಳಿಗಾಳಿ ದಪ್ಪ, ಅದರ ತಡೆಗೂ ಸ್ವಲ್ಪ ಸೇರಿಸಿದೆ. ಎಲ್ಲ ಸೇರಿ ಐದಾರು ಸೆಂಟಿಮೀಟರ್. ಜಿಂಕೆಯ ಎದೆಯಲ್ಲಿ ಗುಂಡು ಬಿದ್ದರೆ ತಕ್ಷಣ ಸಾಯುವ ಜಾಗ ಒಂದು ಊಟದ ತಟ್ಟೆಯಷ್ಟಿರುತ್ತದೆ ಎಂದು ಅವನೇ ಹೇಳಿದ್ದ. ನಡುವಿಗೆ ಗುರಿ ಇಟ್ಟಿದ್ದರೆ ಐದಾರು ಸೆಂಟಿಮೀಟರ್ ಇಳಿದರೂ ಗುಂಡು ತಟ್ಟೆಯೊಳಗೇ ಇರಬೇಕು. ಹಿಂದಕ್ಕಂತೂ ಚಳಿ ಗುಂಡನ್ನು ಒಯ್ಯುವುದಿಲ್ಲ.

ಕಾಗದವನ್ನು ಅವನ ಕಡೆ ತಿರುಗಿಸಿದೆ. ಮಾಡಬಾರದಿತ್ತೋ ಏನೋ. ಅವನು ನೋಡಲೂ ಇಲ್ಲ.

"ಗೊತ್ತುಂಟು ಮಾರಾಯ. ನಾನು ಆ ರಾತ್ರಿಯೇ ಹಾಕಿ ನೋಡಿದ್ದೆ."

"ಮತ್ತೆ ಚಳಿ ಅಂತ ಯಾಕೆ ಹೇಳಿದ್ದು?"

"ಎರಡು ವರ್ಷದಿಂದ ಎಲ್ಲರಿಗೂ ಹಾಗೇ ಹೇಳ್ತಾ ಇದ್ದೇನೆ. ಯಾರೂ ಲೆಕ್ಕ ಕೇಳ್ಲಿಲ್ಲ."

ಆಮೇಲೆ ಉಳಿದದ್ದು ಹೇಳಿದ. ಮೂರು ದಿನದಿಂದ ಬರಿಗೈಯಲ್ಲಿ ಹಿಂತಿರುಗಿದ್ದ. ಆವತ್ತು ಋತುವಿನ ಕೊನೆಯ ದಿನ. ಎರಡು ಗಂಟೆ ಹಿಮದಲ್ಲಿ ಮಲಗಿ ಬೆರಳು ಮರಗಟ್ಟಿತ್ತು. ದೂರ ಹೆಚ್ಚಾಯಿತು ಎಂದು ಅನಿಸಿತ್ತು, ಆದರೆ ನೋಟುಪುಸ್ತಕದಲ್ಲಿ 850 ಎಂದು ಇತ್ತಲ್ಲ. ಆ ಅಂಕಿ ಅವನ ಕೈ ಹಿಡಿದು ಮುಂದೆ ಒಯ್ದಿತ್ತು.

ಅಂದರೆ ಚಳಿ ಕಾರಣವಲ್ಲ ಎನ್ನಲಾಗದು. ಮದ್ದಿನಲ್ಲಿ ಮಾಡಿದ್ದಕ್ಕಿಂತ ಹೆಚ್ಚನ್ನು ಅದು ಬೆರಳಿನಲ್ಲಿ ಮಾಡಿತ್ತು. ಆದರೆ ಬೆರಳು ತನ್ನದು, ಮದ್ದು ಪ್ರಕೃತಿಯದು. ತಪ್ಪನ್ನು ಎರಡನೆಯದರ ಖಾತೆಗೆ ಬರೆಯುವುದು ಸುಲಭ. ಅದಕ್ಕೊಂದು ಸೂತ್ರವಿದೆ, ಕಾಲಮ್ ಇದೆ, ಅದು ವಿಜ್ಞಾನದ ಹಾಗೆ ಕಾಣುತ್ತದೆ. ಸುಳ್ಳೂ ಅಲ್ಲ. ಐದಾರು ಸೆಂಟಿಮೀಟರಿನಷ್ಟು ನಿಜ ಅದರಲ್ಲಿದೆ. ಪೂರ್ತಿ ಸುಳ್ಳಿನ ಹಿಂದೆ ಮನುಷ್ಯ ಬಹಳ ದಿನ ಅಡಗಿ ಕೂರಲಾರ. ಐದು ಸೆಂಟಿಮೀಟರ್ ನಿಜದ ಹಿಂದೆ ವರ್ಷಗಟ್ಟಲೆ ಕೂರಬಹುದು.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಜೈಲಿದೆ. ಆ ಸಂಜೆ ಅದರ ಗೋಡೆಯ ಪಕ್ಕದಿಂದ ನಡೆಯುವಾಗ ಹಳೆಯ ದಂಡಸಂಹಿತೆಯ ಒಂದು ಕಲಮು ನೆನಪಾಯಿತು. ವಕೀಲನಾಗಿದ್ದ ಗೆಳೆಯನೊಬ್ಬ ಹಿಂದೆ ಹೇಳಿದ್ದು. 1860ರ ಸಂಹಿತೆಯ 80ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 18ನೆಯದು: ಕಾನೂನುಬದ್ಧ ಕೆಲಸವನ್ನು ತಕ್ಕ ಎಚ್ಚರದಿಂದ ಮಾಡುತ್ತಿರುವಾಗ ಆಕಸ್ಮಿಕವಾಗಿ ಆದದ್ದು ಅಪರಾಧವಲ್ಲ. ಉದಾಹರಣೆಗೆ, ಕೊಡಲಿಯಿಂದ ಕೆಲಸ ಮಾಡುವಾಗ ಅದರ ತಲೆ ಕಳಚಿ ಹಾರಿ ಪಕ್ಕದಲ್ಲಿದ್ದವನು ಸಾಯುತ್ತಾನೆ. ಮಾಡುತ್ತಿದ್ದವನ ಕಡೆಯಿಂದ ಎಚ್ಚರದ ಕೊರತೆ ಇರದಿದ್ದರೆ ಅವನು ಕ್ಷಮ್ಯ. ಕೇಳಿದಾಗ ನ್ಯಾಯ ಅನಿಸಿತ್ತು. ಆ ಸಂಜೆ ಬೇರೆ ಪ್ರಶ್ನೆ ಬಂತು. ಕೊಡಲಿಗೆ ಕಾವು ಕೂಡಿಸಿದವನೂ ಅವನೇ ಆಗಿದ್ದರೆ? ಅಂಗಡಿಯ ತೋಟಾ ಕೈಕೊಟ್ಟರೆ ಕಂಪನಿಯನ್ನು ಬೈಯಬಹುದು. ತಾನೇ ತುಂಬಿ ತಾನೇ ಹಾರಿಸುವವನಿಗೆ ಆಚೆ ಬದಿಯಲ್ಲಿ ಯಾರೂ ಇಲ್ಲ. ಅವನ ಅಜ್ಞಾನವನ್ನು ಕೂಡ ಅವನೇ ತಯಾರಿಸಿರುತ್ತಾನೆ.

1877ರಲ್ಲಿ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಹಡಗಿನ ಮಾಲೀಕನೊಬ್ಬನಿಗೆ ತನ್ನ ಹಳೆಯ ಹಡಗಿನ ಬಗ್ಗೆ ಅನುಮಾನ ಇರುತ್ತದೆ. ಇಷ್ಟು ವರ್ಷ ಸುರಕ್ಷಿತವಾಗಿ ಬಂದಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅನುಮಾನವನ್ನು ಒಳಗೇ ಅದುಮಿ, ಪ್ರಯಾಣಿಕರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಓದಿದ ಎಲ್ಲರಿಗೂ ಇಷ್ಟು ನೆನಪಿರುತ್ತದೆ. ನನ್ನನ್ನು ಚುಚ್ಚುವುದು ಅದರ ಮುಂದಿನ ಮಾತು: ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಕೂದಲಷ್ಟೂ ಕಡಿಮೆಯಾಗುತ್ತಿರಲಿಲ್ಲ. ಭಾವನ ನೋಟುಪುಸ್ತಕದ ಮೊದಲ ಪುಟಗಳಲ್ಲಿ, ಹವೆಯ ಕಾಲಮ್ ಇಲ್ಲದ ಸಾಲುಗಳಲ್ಲಿ, ಗುರಿ ತಪ್ಪದ ಜಿಂಕೆಗಳೂ ಇದ್ದವು. ಅವುಗಳ ಮುಂದೆ ಅವನು ಒಂದು ಸಣ್ಣ ಸರಿ ಗುರುತು ಹಾಕಿದ್ದ. ಕ್ಲಿಫರ್ಡನನ್ನು ಒಪ್ಪಿದರೆ ಆ ಸರಿ ಗುರುತುಗಳನ್ನೂ ಮತ್ತೆ ನೋಡಬೇಕಾಗುತ್ತದೆ. ನಾನು ಹಾಕಿದ ಕೆಂಪು ಸಹಿಗಳನ್ನೂ.

ಪೂರ್ತಿ ಒಪ್ಪುವುದು ನನಗೆ ಕಷ್ಟ. ಎಲ್ಲ ಷರತ್ತುಗಳನ್ನೂ ತಿಳಿದೇ ಕೈ ಎತ್ತುತ್ತೇನೆ ಎಂದರೆ ಯಾರೂ ಕೈ ಎತ್ತಲಾರರು. ಗುಂಡಿನ ವೇಗವನ್ನು ಮೊದಲ ಸಲ ನೆಚ್ಚುವಂತೆ ಅಳೆದವನು ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತು ಎಂಬುದರಿಂದ ವೇಗದ ಲೆಕ್ಕ ತೆಗೆದ. 1742ರಲ್ಲಿ ಪುಸ್ತಕ ಬಂತು. ಅದೇ ಮನುಷ್ಯ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ. ಇಂಗ್ಲೆಂಡಿನ ಹವೆಯಲ್ಲಿ ಬೆಳೆದ ದೇಹ ಈ ಕರಾವಳಿಯ ಹವೆಯನ್ನು ತಾಳಲಿಲ್ಲ. ಗೊತ್ತಿದ್ದರೆ ಬರುತ್ತಿರಲಿಲ್ಲವೋ ಏನೋ. ಗೊತ್ತಿಲ್ಲದೆ ಬರುವುದು ತಪ್ಪೇ?

ಅವನಾದ ಮೇಲೆ ಬಂದವರಿಗೆ ಮಾತ್ರ ಗೊತ್ತಾಯಿತು, ಸ್ವಲ್ಪ ತಡವಾಗಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷರ ಕೋವಿಗಳಿಗೆ ಕಾರ್ಡೈಟ್ ಬಂತು. ನೈಟ್ರೋಗ್ಲಿಸರಿನ್ ಹೆಚ್ಚಿದ್ದ, ಸೇವಿಗೆ ಎಳೆಯಂಥ ಮದ್ದು. ಲಂಡನ್ನಿನ ಕೋವಿ ಕುಶಲಿಗಳು ಜೋಡುನಳಿಗೆ ರೈಫಲ್ ಮಾಡುವಾಗ ಎರಡೂ ನಳಿಗೆಯ ಗುಂಡುಗಳು ಒಂದೇ ಕಡೆ ಬೀಳುವ ಹಾಗೆ, ಒಂದು ನಿರ್ದಿಷ್ಟ ತೋಟಾ ಹಾರಿಸಿ ನೋಡಿ ನೋಡಿ ಕೂಡಿಸುತ್ತಿದ್ದರು. ಅವರು ಹಾರಿಸಿ ನೋಡುತ್ತಿದ್ದದ್ದು ಇಂಗ್ಲೆಂಡಿನ ತಂಪಿನಲ್ಲಿ. ಕೋವಿ ಬಂದದ್ದು ಮೈಸೂರಿನ, ಮಧ್ಯಪ್ರಾಂತದ ಕಾಡಿನ ಬೇಸಿಗೆಗೆ. ಇಲ್ಲಿ ಕಾರ್ಡೈಟಿನ ಒತ್ತಡ ಏರಿತು. ಕೋಶಗಳು ನಳಿಗೆಯಲ್ಲೇ ಕಚ್ಚಿಕೊಂಡವು. ಆನೆ ಎದುರಿಗೆ ಬರುತ್ತಿರುವಾಗ ಖಾಲಿ ಕೋಶ ಹೊರಬರದಿದ್ದರೆ ಆಮೇಲಿನ ಕಥೆ ಹೇಳುವವರು ಇರುವುದಿಲ್ಲ. ಹಾಗಾಗಿ ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಹಾಕಿದ ತೋಟಾ ಮಾಡಿದರು. 1911ರಲ್ಲಿ ರಿಗ್ಬಿ ಕಂಪನಿ ತನ್ನ.416ಕ್ಕೆ ದೊಡ್ಡ ಕೋಶ ಕೊಟ್ಟು ಒತ್ತಡ ತಗ್ಗಿಸಿತು. ಸಾಮ್ರಾಜ್ಯ ಲಂಡನ್ನಿನಲ್ಲಿ ಅಳೆದು ಇಲ್ಲಿಗೆ ತಂದ ವಿಷಯಗಳು ಬೇರೆ ಎಷ್ಟೋ ಇದ್ದವು. ಕೋವಿಯ ವಿಷಯದಲ್ಲಿ ಮಾತ್ರ ಅವರು ಬೇಗ ಪಾಠ ಕಲಿತರು, ಯಾಕೆಂದರೆ ಅದು ಹಾರಿಸಿದವನ ಮುಖದ ಹತ್ತಿರವೇ ಇರುತ್ತದೆ. ಜಿಂಕೆ ಮುನ್ನೂರು ಮೀಟರ್ ದೂರದಲ್ಲಿರುತ್ತದೆ.

ಈ ದೂರದ ಬಗ್ಗೆ ಯೋಚಿಸುವಾಗ ದಶರಥ ನೆನಪಾಗದೆ ಇರುವುದಿಲ್ಲ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಆ ಪ್ರಸಂಗ ಹೊಸದಲ್ಲ, ಆದರೆ ಒಂದು ವಿವರ ಮರೆತುಹೋಗಿರುತ್ತದೆ: ವಾಲ್ಮೀಕಿಯಲ್ಲಿ ಅದು ಮಳೆಗಾಲದ ರಾತ್ರಿ. ತರುಣ ದಶರಥ ಶಬ್ದವೇಧಿ, ಶಬ್ದ ಕೇಳಿಯೇ ಬಾಣ ಬಿಡಬಲ್ಲವ. ಸರಯೂ ದಡದಲ್ಲಿ ಗುಳುಗುಳು ಸದ್ದು ಕೇಳಿತು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡ. ಬಾಣ ಒಂದಿಷ್ಟೂ ಗುರಿ ತಪ್ಪಲಿಲ್ಲ. ಕೊಡ ತುಂಬಿಸುತ್ತಿದ್ದ ಹುಡುಗನಿಗೆ, ನಾವು ಶ್ರವಣಕುಮಾರ ಎಂದು ಕರೆಯುವವನಿಗೆ, ಸರಿಯಾಗಿ ನಾಟಿತು. ಅವನ ವಿದ್ಯೆಯಲ್ಲಿ ದೋಷವಿರಲಿಲ್ಲ. ಶಬ್ದ ಎಲ್ಲಿಂದ ಬಂತು ಎಂದು ಹೇಳಬಲ್ಲ ವಿದ್ಯೆ, ಶಬ್ದ ಯಾರದ್ದು ಎಂದು ಹೇಳಲಾರದು. ಆ ವಿದ್ಯೆ ಇಲ್ಲದವನು ಕತ್ತಲಲ್ಲಿ ಬಾಣವನ್ನೇ ಬಿಡುತ್ತಿರಲಿಲ್ಲ.

ನನಗೆ ಮುಖ್ಯ ಎನಿಸುವುದು ಇದು. 850 ಎಂಬ ಅಂಕಿ ಇಲ್ಲದಿದ್ದರೆ ಭಾವ ಮುನ್ನೂರು ಮೀಟರಿನಿಂದ ಹಾರಿಸುವ ಧೈರ್ಯ ಮಾಡುತ್ತಿರಲಿಲ್ಲ. ನೂರು ಮೀಟರಿನೊಳಗೆ ಮೈನಸ್ 10 ಆದರೇನು, 33 ಆದರೇನು, ವ್ಯತ್ಯಾಸ ಬೆರಳಿನ ಅಗಲವೂ ಇಲ್ಲ. ಅಳತೆ ನಮ್ಮ ಅನಿಶ್ಚಯವನ್ನು ಕಡಿಮೆ ಮಾಡುತ್ತದೆ. ಕಡಿಮೆಯಾಯಿತಲ್ಲ ಎಂಬ ಧೈರ್ಯದಲ್ಲಿ ನಾವು ಇನ್ನೂ ದೂರ ಹೋಗಿ ನಿಲ್ಲುತ್ತೇವೆ. ಅಲ್ಲಿ ಉಳಿದ ಚೂರು ಅನಿಶ್ಚಯವೇ ಸಾಕಾಗುತ್ತದೆ. ಹವೆಯ ಕಾಲಮ್ ಸೇರಿಸಿದರೆ ಇದು ಸರಿಹೋಗುತ್ತದೆಯೇ? ಮುಂದಿನ ವರ್ಷ ಅವನು ನಾನೂರು ಮೀಟರಿನಿಂದ ಹಾರಿಸಬಹುದು.

ಸುಳ್ಯದ ಕಡೆಯ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ನಮ್ಮ ಜಿಲ್ಲೆಯಲ್ಲಿ ತೋಟಾ ತಾನೇ ತುಂಬುವ ಹವ್ಯಾಸ ಇಲ್ಲ ಎಂದೆ, ಆದರೆ ಕೇಪಿನ ಕೋವಿ ಇಟ್ಟುಕೊಂಡ ಪ್ರತಿಯೊಬ್ಬ ಕೃಷಿಕನೂ ಪ್ರತಿ ಈಡನ್ನೂ ತಾನೇ ತುಂಬುತ್ತಿದ್ದ: ನಳಿಗೆಯ ಬಾಯಿಯಿಂದ ಮದ್ದು, ತೆಂಗಿನ ನಾರು, ಚರೆ, ಮೇಲಿಂದ ಸರಳು ಹಾಕಿ ಗಟ್ಟಿಸುವುದು. ಅಜ್ಜನಿಗೆ ಶತ್ರು ತಾಪವಲ್ಲ, ತೇವ. ಮದ್ದಿನ ಡಬ್ಬಿಯನ್ನು ಪತ್ತಾಯದ ಭತ್ತದೊಳಗೆ ಹೂತಿಡುತ್ತಿದ್ದರು. ಆಟಿಯಲ್ಲಿ ಸಂಜೆ ತುಂಬಿಸಿದ ಈಡನ್ನು ಬೆಳಗ್ಗೆ ನೆಚ್ಚುತ್ತಿರಲಿಲ್ಲ. ಆಕಾಶಕ್ಕೆ ಬಿಟ್ಟು ಖಾಲಿ ಮಾಡುತ್ತಿದ್ದರು. ಹಂದಿಗಳಿಗೆ ಆ ಶಬ್ದವೇ ಸಾಕಾಗುತ್ತಿತ್ತು, ಸಾಮಾನ್ಯವಾಗಿ. ಅವರ ಹತ್ತಿರ ಒಂದು ಅಂಕಿಯೂ ಇರಲಿಲ್ಲ. ಇದ್ದದ್ದು ಒಂದು ಗಡಿ: ಬಚ್ಚಲುಮನೆಯ ಮೂಲೆಯಿಂದ ದೊಡ್ಡ ಹಲಸಿನ ಮರ. ಮರದಿಂದಾಚೆ ಏನೇ ನಿಂತಿದ್ದರೂ ಕೋವಿ ಎತ್ತುತ್ತಿರಲಿಲ್ಲ. ಹಂದಿ ಅಲ್ಲಿ ನಿಂತು ನೋಡಿಕೊಂಡೇ ಮರಗೆಣಸು ಕಿತ್ತುಹಾಕುತ್ತಿತ್ತು. ಅಜ್ಜಿ ಒಳಗಿನಿಂದ ಬೈಯುತ್ತಿದ್ದರು.

ಅಜ್ಜನನ್ನು ಋಷಿ ಮಾಡುವ ಇಷ್ಟ ನನಗಿಲ್ಲ. ಅವರಿಗೆ ಮುನ್ನೂರು ಮೀಟರಿನ ಕೋವಿ ಕೊಟ್ಟಿದ್ದರೆ ಹಲಸಿನ ಮರದ ಗಡಿ ಎಷ್ಟು ದಿನ ಉಳಿಯುತ್ತಿತ್ತೋ ಹೇಳಲಾರೆ. ಗಾಯವಾದ ಹಂದಿ ತೋಟದಲ್ಲೆಲ್ಲೋ ಇದೆ ಎಂದರೆ ಮರುದಿನ ಅಡಿಕೆ ಹೆಕ್ಕಲು ಹೋಗಬೇಕಾದವರು ಅವರ ಮನೆಯ ಹೆಂಗಸರು, ಮಕ್ಕಳು. ಗಡಿ ಇಟ್ಟುಕೊಳ್ಳಲು ಇದೂ ಒಂದು ಕಾರಣ. ತಪ್ಪಿನ ಫಲ ತಮ್ಮ ಅಂಗಳಕ್ಕೇ ಬರುವಲ್ಲಿ ಮನುಷ್ಯರು ಸಾಕಷ್ಟು ಎಚ್ಚರವಾಗಿರುತ್ತಾರೆ.

ಭಾವ ಹೊರಡುವ ಮೊದಲು ಇಬ್ಬರೂ ಆ ಮನೆಗೆ ಹೋದೆವು. ಕೋವಿ ಈಗ ಇಲ್ಲ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸು ಯಾರ ಹೆಸರಿಗೂ ಆಗಲಿಲ್ಲ, ಠಾಣೆಗೆ ಒಪ್ಪಿಸಿದರು. ಹಲಸಿನ ಮರವನ್ನೂ ಕಡಿದಿದ್ದಾರೆ, ಬುಡ ಮಾತ್ರ ಉಳಿದಿದೆ. ಬಚ್ಚಲುಮನೆಯ ಜಾಗದಲ್ಲಿ ಈಗ ಅಡಿಕೆ ಸುಲಿಯುವ ಯಂತ್ರಕ್ಕೆ ಶೀಟಿನ ಮಾಡು. ಭಾವ ಅದರ ಮೂಲೆಯಲ್ಲಿ ನಿಂತು ಒಂದು ಕ್ಷಣ ನೋಡಿದ. ಆಮೇಲೆ ಹೆಜ್ಜೆ ಎಣಿಸಿಕೊಂಡು ಮರದ ಬುಡದವರೆಗೆ ನಡೆದ.

"ಮೂವತ್ತೆಂಟು," ಎಂದ ಅಲ್ಲಿಂದ. "ಇಷ್ಟೆಯಾ?"

ಚಿಕ್ಕವರಿದ್ದಾಗ ಆ ಮರ ನಮಗೆ ಬಹಳ ದೂರ ಕಾಣುತ್ತಿತ್ತು.